ಅಣ್ಣ ನಿಲ್ಲಿಸುತ್ತಿದ್ದ ಜಾಗ

ಆ ಹುಡುಗಿಗೆ ನಾಟಕದವರು ಇಟ್ಟ ಹೆಸರು ಪಿಸು. ಪರದೆಯ ಸಂದಿಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುಗುಟ್ಟಿ ಎತ್ತಿಕೊಡುವುದು ಅವಳ ಕೆಲಸ. ಹಗಲೆಲ್ಲ ಸೋದರಮಾವನ ಇಸ್ತ್ರಿ ಅಂಗಡಿಯಲ್ಲಿ ಊರವರ ಅಂಗಿಗಳ ಸುಕ್ಕು ತೆಗೆಯುವುದು, ಸಂಜೆಯಾದರೆ ಸೈಕಲ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಾಟಕದ ತಾಲೀಮಿಗೆ ಹಾಜರಾಗುವುದು. ಅವಳಿಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಮನೆಗೊಬ್ಬ ನಟ ಸಾಕು, ಇಬ್ಬರಾದರೆ ಒಲೆ ಹಚ್ಚುವವರು ಯಾರು ಎಂದು ಮಾವ ಆಗಲೇ ತೀರ್ಪು ಕೊಟ್ಟಾಗಿತ್ತು. ಆ ಒಬ್ಬ ನಟ ಅವಳ ಅಣ್ಣ.

ಅಣ್ಣ ಎಂದರೆ ಏನೆಂದುಕೊಂಡಿರಿ! ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಬೆಳಗಿನಿಂದ ಮರಕ್ಕೆ ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ, ಹುಬ್ಬು ಮೀಸೆಗೆಲ್ಲ ಮರದ ಪುಡಿ ಮೆತ್ತಿಕೊಂಡು ಬರುವವನು, ಮುಖ ತೊಳೆದು ರಂಗದ ಮೇಲೆ ಕಾಲಿಟ್ಟನೆಂದರೆ ಮುಂದಿನ ಸಾಲಿನಲ್ಲಿ ರಚ್ಚೆ ಹಿಡಿದ ಕೂಸೂ ಗಪ್‌ಚಿಪ್. ಆ ತಂಡ ಕಟ್ಟಿದವರು ಒಬ್ಬ ನಿವೃತ್ತ ಪೋಸ್ಟ್‌ಮನ್, ಎಲ್ಲರ ಬಾಯಲ್ಲೂ ಟಪಾಲಣ್ಣ. ಅವರೇ ಬರೆದ ನಾಟಕವೊಂದಿತ್ತು. ಮಾಡದ ತಪ್ಪಿಗೆ ಜೈಲು ಕಂಡು ಬಂದವನೊಬ್ಬ ತನ್ನದೇ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಒಳಗಿರುವ ಹೆಂಡತಿಗೆ ಆಡುವ ಮಾತೇ ಅದರ ಜೀವ. ಆ ಮಾತಿನ ಕೊನೆಯ ಸಾಲು: “ನಾನು ಬಂದಿದ್ದೀನಿ ಅಂತ ಹೇಳೋಕೆ ಬರಲಿಲ್ಲ, ಹೋಗ್ತಾ ಇದ್ದೀನಿ ಅಂತ ಹೇಳೋಕೆ ಬಂದೆ.” ಟಪಾಲಣ್ಣ ಅದನ್ನು ಒಂದೇ ಓಟದ ಸಾಲಾಗಿ ಬರೆದಿದ್ದರು.

ಒಂದು ಪ್ರದರ್ಶನದಲ್ಲಿ ಅಣ್ಣ “ಬರಲಿಲ್ಲ” ಎಂದವನು ಅಲ್ಲೇ ನಿಂತುಬಿಟ್ಟ. ಮುಂದಿನ ಮಾತಿಲ್ಲ. ಅಣ್ಣ ಹಿಂದೆಂದೂ ಮಾತು ಮರೆತವನೇ ಅಲ್ಲ. ಪರದೆಯ ಸಂದಿಯಿಂದ “ಹೋಗ್ತಾ ಇದ್ದೀನಿ, ಹೋಗ್ತಾ ಇದ್ದೀನಿ” ಎಂದು ಎರಡು ಸಲ ಎತ್ತಿಕೊಟ್ಟಳು. ಅವನು ಬಾಯಿ ಚೂರು ತೆರೆದು, ಭುಜ ಏರಿಸಿ, ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಉಳಿದರ್ಧ ಹೇಳಿದ. ಹೇಳಿದ್ದೇ ತಡ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಳಗೆ ಬಂದ ಮೇಲೆ ಬೈಗುಳ ಬಿದ್ದದ್ದು ಪಿಸುವಿಗೆ. ಅಂಥಾ ಮೌನದ ನಡುವೆ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿದಳಂತೆ, ಇನ್ನು ಮೇಲೆ ಆ ಜಾಗದಲ್ಲಿ ತುಟಿ ಬಿಚ್ಚಕೂಡದಂತೆ. ಟಪಾಲಣ್ಣ ಕೂಗಾಡುತ್ತಿದ್ದಾಗ ಅಣ್ಣ ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದ. ಬೇಕೆಂದೇ ನಿಲ್ಲಿಸಿದೆಯಾ ಎಂದು ಅವಳು ಕೇಳಿದಾಗ ಒಮ್ಮೆ ಟಪಾಲಣ್ಣನ ಮುಖ ನೋಡಿದ, ಒಮ್ಮೆ ಇವಳ ಮುಖ ನೋಡಿದ, ನಕ್ಕು ಹೂಂ ಎಂದ.

ಅಲ್ಲಿಂದ ಮುಂದೆ ಕೇಳಬೇಕೆ! ಜನ ನಾಟಕ ನೋಡಲು ಬರುವುದಕ್ಕಿಂತ ಆ ಮೌನ ನೋಡಲು ಬರತೊಡಗಿದರು. ತಂಡಕ್ಕೆಲ್ಲ ಮೌನದ ಜ್ವರ ಹತ್ತಿತು. ಪೇದೆಯ ಪಾತ್ರದವನು “ಯಾರದು” ಎಂದು ಕೇಳಿ ಎಷ್ಟು ಹೊತ್ತು ಮೌನ ಹಿಡಿದನೆಂದರೆ, ದೀಪದವನು ದೃಶ್ಯ ಮುಗಿಯಿತೆಂದು ದೀಪ ಆರಿಸಿಬಿಟ್ಟ. ಅಣ್ಣನ ಮೌನ ಮಾತ್ರ ಪ್ರದರ್ಶನದಿಂದ ಪ್ರದರ್ಶನಕ್ಕೆ ಬೆಳೆಯುತ್ತಾ ಹೋಯಿತು. ಪಿಸುವಿಗೆ ಹೆಮ್ಮೆಯೋ ಹೆಮ್ಮೆ. ಅವನು ಒಳಗೆ ಬಂದ ಕೂಡಲೇ ಓಡಿಹೋಗಿ, ಇವತ್ತು ಹೋದ ಸಲಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದೆ ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಅವನು ಮಾತಾಡದೆ ಅವಳ ತಲೆಯ ಮೇಲೆ ಕೈಯಿಟ್ಟು ಅಮುಕುತ್ತಿದ್ದ.

ಹೀಗಿರುವಾಗ ಒಂದು ದಿನ ಕಾರ್ಖಾನೆಯಿಂದ ಇಬ್ಬರು ಅವನನ್ನು ಹಿಡಿದುಕೊಂಡು ಆಸ್ಪತ್ರೆಗೆ ಕರೆತಂದರು. ಅಲ್ಲಿಂದ ಅವನು ಜೀವಂತ ಮನೆಗೆ ಬರಲಿಲ್ಲ. ಎದೆಯ ಚಿತ್ರ ತೆಗೆಸಿದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮರದ ಪುಡಿ ಸೇರಿ ಸೇರಿ ಶ್ವಾಸಕೋಶ ಹಾಳಾಗಿ ವರ್ಷವೇ ಕಳೆದಿರಬೇಕು ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, “ಇಷ್ಟು ದಿನ ನಿಮಗೆ ಯಾರಿಗೂ ಗೊತ್ತಾಗ್ಲೇ ಇಲ್ವಾ?” ಎಂದರು. ಬೈದು ಕೇಳಿದ್ದಲ್ಲ, ನಿಜಕ್ಕೂ ಆಶ್ಚರ್ಯಪಟ್ಟು ಕೇಳಿದ್ದು. ಅದಕ್ಕೇ ಆ ಪ್ರಶ್ನೆ ಅವರ ಹಿಂದೆಯೇ ಮನೆಗೆ ಬಂದುಬಿಟ್ಟಿತು. ಬೈಗುಳವಾಗಿದ್ದರೆ ಮರೆಯಬಹುದಿತ್ತು. ಅಮ್ಮ ಅನ್ನ ಬಸಿಯುತ್ತಾ ನಿಂತಲ್ಲೇ, “ಎರಡು ವಾರದ ಹಿಂದೆ ಕೂಡ ಪಾರ್ಟು ಮಾಡ್ದ, ಎಷ್ಟು ಚೆನ್ನಾಗಿ ಮಾಡ್ದ, ಏನೂ ಇರ್ಲಿಲ್ಲ” ಎಂದು ಗೋಡೆಗೆ ಉತ್ತರ ಕೊಡುತ್ತಿದ್ದಳು.

ಮನೆಯಲ್ಲಿ ಇದ್ದದ್ದು ಎರಡೇ ಕೋಣೆ, ಒಳಗಿನದು ಅಣ್ಣನದು. ಒಂದು ಸಂಜೆ ಪಿಸು ಅಲ್ಲಿ ಬಾಗಿಲು ಹಾಕಿಕೊಂಡು ಅವನ ಅಂಗಿಗಳನ್ನು ಮಡಚುತ್ತಾ, ಯಾಕೋ ಏನೋ, ಬಾಗಿಲ ಮುಂದಿನ ಆ ಮಾತನ್ನು ಹೇಳತೊಡಗಿದಳು. ಪರದೆಯ ಸಂದಿಯಲ್ಲಿ ನಿಂತು ಅವಳು ಕಲಿತದ್ದು ಬರೀ ಮಾತಲ್ಲ. ದನಿಯ ಏರಿಳಿತ, ಗಂಟಲಿನ ಒರಟು, ಎಲ್ಲವೂ ಅವನದೇ ಬಂತು. “ಬರಲಿಲ್ಲ” ಎಂದು ನಿಂತಳು. ಆಚೆ ಕೋಣೆಯಲ್ಲಿ ಸೌಟು ಬಿದ್ದ ಸದ್ದು. ಅಮ್ಮ ಓಡಿ ಬಂದದ್ದು ಕೇಳಿಸಿತು, ಆದರೆ ಅವಳು ಬಾಗಿಲು ತಳ್ಳಲಿಲ್ಲ. ಬಾಗಿಲಿಗೆ ಅಂಗೈ ಊರಿ ನಿಂತಿದ್ದಳು ಎಂದು ಕಾಣುತ್ತದೆ. ಪಿಸು ಉಳಿದರ್ಧ ಹೇಳಿ ಮುಗಿಸಿದಳು.

ಮರುದಿನ ಸಂಜೆ ಅಮ್ಮ ಬಟಾಣಿ ಸುಲಿಯುತ್ತಾ, ತಲೆಯೆತ್ತದೆ, “ಇವತ್ತು ಹೇಳಲ್ವೇನೆ? ಬಾಗಿಲು ಹಾಕ್ಕೊಂಡು ಹೇಳು” ಎಂದಳು. ಬಾಗಿಲು ತೆರೆದಿದ್ದರೆ ಮಗಳು ಕಾಣುತ್ತಾಳೆ, ಮುಚ್ಚಿದರೆ ಒಳಗಿರುವವನು ಮಗ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ದಿನಾ ಸಂಜೆ ಇದೇ ನಡೆಯಿತು. ಪಿಸುವಿಗೆ ಒಮ್ಮೊಮ್ಮೆ ಆ ಮೌನದಲ್ಲಿ ನಿಂತಾಗ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಆಗುತ್ತಿತ್ತು. ತಿರುಗಿ ನೋಡಲು ಹೆದರಿಕೆ. ನೋಡಿದರೆ ಯಾರೂ ಇರುವುದಿಲ್ಲವಲ್ಲ ಎಂಬುದೇ ಹೆದರಿಕೆ.

ನಾಟಕದ ಶಾಲೆಗೆ ಅರ್ಜಿ ಹಾಕು ಎಂದು ಹಟ ಹಿಡಿದವರು ಟಪಾಲಣ್ಣ. ಅಣ್ಣನಿಂದಲೇ ಹಾಕಿಸಬೇಕೆಂದಿದ್ದರು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಯಸ್ಸಿನ ಲೆಕ್ಕದಲ್ಲಿ ಪಿಸುವಿಗೆ ಇದೇ ಕೊನೆಯ ಅವಕಾಶ, ತಪ್ಪಿದರೆ ಇಸ್ತ್ರಿ ಪೆಟ್ಟಿಗೆಯೇ ಗತಿ. ಮಾವ, ಅವಳು ಸುಟ್ಟ ಅಂಗಿಯೊಂದನ್ನು ಎತ್ತಿ ತೋರಿಸಿ, ನಿನ್ನ ಮನಸ್ಸು ಎಲ್ಲಿದೆ ಅಂತ ಕಾಲರ್ರೇ ಹೇಳ್ತಿದೆ, ಹೋಗಿ ಬಾ ಎಂದ. ಹಾಗೆ ಹೇಳಿ ಆ ಗಿರಾಕಿಯ ಬೈಗುಳ ತಾನೇ ತಿಂದ. ಪಿಸುವಿಗೆ ಆಸೆ ಹುಟ್ಟಿಬಿಟ್ಟಿತ್ತು. ತನ್ನ ಹೆಸರಿನಲ್ಲಿ, ತನ್ನ ಕಾಲ ಮೇಲೆ, ಪರದೆಯ ಈಚೆಗೆ ನಿಲ್ಲಬೇಕು. ಇಷ್ಟು ಗಟ್ಟಿಯಾಗಿ ಅವಳು ಹಿಂದೆಂದೂ ಏನನ್ನೂ ಬಯಸಿರಲಿಲ್ಲ.

ಪರೀಕ್ಷೆಯ ಕೋಣೆ ಉದ್ದಕ್ಕಿತ್ತು, ಮರದ ನೆಲ, ಗೋಡೆಗೆ ಒರಗಿಸಿದ ಚಾಪೆಗಳು. ಮೇಜಿನ ಹಿಂದೆ ಮೂವರು. ಅವರಲ್ಲಿ ನಡುವೆ ಕೂತವರು ದನಿ ಮತ್ತು ಉಸಿರು ಕಲಿಸುವ ಮೇಡಂ, ನರೆಗೂದಲು, ಬರಿಗಾಲು. ಪಿಸು ಬಾಗಿಲ ಮುಂದಿನ ಮಾತು ಹೇಳಿದಳು. ಮೌನದ ಜಾಗದಲ್ಲಿ ಮೇಜಿನ ಮೇಲಿನ ಪೆನ್ನುಗಳೂ ನಿಂತವು. ಪಕ್ಕದವರಿಬ್ಬರೂ ತಲೆದೂಗಿದರು. ಮೇಡಂ ಮಾತ್ರ ಕೊನೆಯ ಸಾಲನ್ನು ನಡುವೆ ನಿಲ್ಲಿಸದೆ ಹೇಳು ಎಂದರು.

ಅವಳು ಹೇಳಲು ಹೋದಳು. “ಬರಲಿಲ್ಲ” ಎಂಬಲ್ಲಿಗೆ ಬಂದ ಕೂಡಲೇ ಗಂಟಲು ತಾನೇ ನಿಂತಿತು. ಇನ್ನೊಮ್ಮೆ ಎಂದರು, ಇನ್ನೊಮ್ಮೆಯೂ ಅಷ್ಟೇ. ಜಪ್ಪಯ್ಯ ಎಂದರೂ ಮಾತು ಆ ಜಾಗ ದಾಟಲೊಲ್ಲದು. ಮೇಡಂ ಎದ್ದು ಬಂದು ಅವಳ ಬೆನ್ನಿನ ಮೇಲೆ ಅಂಗೈ ಅಗಲಿಸಿ ಇಟ್ಟು, ಮತ್ತೆ ಹೇಳಿಸಿದರು. ಆಮೇಲೆ ಮೆಲ್ಲಗೆ ಮಾತಾಡಿದರು.

“ಇಲ್ಲಿ ಗಾಳಿ ತುಂಬಿದೆ ಕಣಮ್ಮ. ಆದ್ರೂ ಖಾಲಿಯಾದವರ ಹಾಗೆ ನಿಲ್ಲಿಸ್ತೀಯ. ಭುಜ ಏರತ್ತೆ, ಕತ್ತು ಬಿಗಿಯತ್ತೆ, ಬಾಯಿ ಚೂರು ತೆರೆಯತ್ತೆ. ಇದು ನಟನೆಯ ಮೌನ ಅಲ್ಲ, ಉಸಿರು ಸಿಗದೇ ಇರೋರು ಹೀಗೆ ನಿಲ್ತಾರೆ. ಯಾರನ್ನ ನೋಡಿ ಕಲಿತೆ?”

“ನಮ್ಮಣ್ಣನ್ನ.”

“ಈಗ ಹೇಗಿದಾರೆ ಅವರು?”

ಪಿಸು ಇಲ್ಲ ಎಂದು ತಲೆಯಾಡಿಸಿದಳು. ಮೇಡಂ ಬೆನ್ನ ಮೇಲಿನ ಕೈ ತೆಗೆದರು. ಸಂಜೆಯೊಳಗೆ ಇನ್ನೊಮ್ಮೆ ಕರೆಯುತ್ತೇನೆ, ಅಷ್ಟರಲ್ಲಿ ನಿನ್ನ ಉಸಿರಿನಲ್ಲಿ ಹೇಳಲು ಬಂದರೆ ಸೀಟು ಕೊಡುವುದು ನನ್ನ ಜವಾಬ್ದಾರಿ, ಅವರದೇ ಉಸಿರಿನಲ್ಲಿ ಹೇಳುವುದಾದರೆ ನಿನಗೆ ಕಲಿಸುವುದು ನನ್ನಿಂದಾಗದು ಎಂದು ಹೇಳಿ ಕಳಿಸಿದರು.

ಹೊರಗೆ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಡಾಕ್ಟರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗೊತ್ತಾಗದೆ ಏನು, ಅವನು ಊರೆಲ್ಲ ನೋಡುವ ಹಾಗೆ, ದೀಪದ ಕೆಳಗೆ ನಿಂತು ತೋರಿಸಿದ್ದ! ಟಿಕೆಟ್ಟು ಕೊಂಡು ಬಂದು ನೋಡಿದ್ದರು. ಮನೆಯ ಮೆಟ್ಟಿಲ ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದದ್ದು, ಮಾತು ಬಾಯಿಪಾಠ ಮಾಡುತ್ತೇನೆಂದು ಗೋಡೆಗೊರಗಿ ಕೂತೇ ನಿದ್ದೆ ಹೋಗುತ್ತಿದ್ದದ್ದು, ಒಂದೊಂದೇ ನೆನಪಾಯಿತು. ಕಣ್ಣಿದ್ದೂ ಕುರುಡರಾದದ್ದು ಎಂದರೆ ಇದೇ. ಅವನು ಗಾಳಿಗೆ ಬಾಯಿ ತೆರೆದು ನಿಂತಾಗ ಜನ ಚಪ್ಪಾಳೆ ಹೊಡೆದರು, ಟಪಾಲಣ್ಣ ಕಣ್ಣೊರೆಸಿಕೊಂಡರು, ಇವಳು ಓಡಿಹೋಗಿ ಇವತ್ತು ಇನ್ನೂ ಜಾಸ್ತಿ ಹೊತ್ತು ಎಂದಳು. ಅವನು ಯಾಕೆ ಹೇಳಲಿಲ್ಲ? ಹೇಳಿದ್ದರೆ ಪಾತ್ರ ಬಿಡಿಸುತ್ತಿದ್ದರು. ಹೊಗಳಿಕೆಯ ಹಿಂದೆ ಅಡಗಿ ಕೂತ, ಪಾಪಿ. ಪಿಸು ಅತ್ತಳು. ಸಿಟ್ಟಿನಿಂದ ಅತ್ತಳು, ಅವನ ಮೇಲೆ, ತನ್ನ ಮೇಲೆ, ಆ ಹಾಳು ಚಪ್ಪಾಳೆಯ ಮೇಲೆ. ನೀರು ತುಂಬಿಸಿಕೊಳ್ಳಲು ಬಂದವರು ಸೀಟು ಸಿಗಲಿಲ್ಲವೇನೋ ಎಂದುಕೊಂಡು ಸಮಾಧಾನ ಹೇಳಿ ಹೋದರು.

ಮತ್ತೆ ಕರೆದಾಗ ಕೋಣೆಯ ನಡುವೆ ಹೋಗಿ ನಿಂತಳು. ಉಸಿರು ಎಳೆದುಕೊಂಡಳು. ಅದು ಪಕ್ಕೆಲುಬಿನವರೆಗೆ ಇಳಿದು ನಿಂತಿತು, ಕೇಳಿದಷ್ಟೂ ಬಂತು, ಅವನಿಗೆ ಬಾರದೇ ಹೋದದ್ದು. “ನಾನು ಬಂದಿದ್ದೀನಿ ಅಂತ ಹೇಳೋಕೆ ಬರಲಿಲ್ಲ, ಹೋಗ್ತಾ ಇದ್ದೀನಿ ಅಂತ ಹೇಳೋಕೆ ಬಂದೆ.” ಸಾಲು ಎಲ್ಲೂ ನಿಲ್ಲದೆ ಮುಗಿಯಿತು. ದನಿ ಒರಟಾಗಿರಲಿಲ್ಲ, ಒಬ್ಬ ಹುಡುಗಿಯದಾಗಿತ್ತು. ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ. ಮೇಡಂ ಪಕ್ಕದವರ ಕಡೆ ನೋಡಿ ತಲೆಯಾಡಿಸಿದರು. ಸಂಜೆ ಆಯ್ಕೆಯಾದವರ ಹೆಸರು ಕೂಗುವಾಗ ಅವಳ ನಿಜವಾದ ಹೆಸರು ಕೂಗಿದರು, ಅದು ತನ್ನದೇ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಬಂದಾಗ ಮಾವ ಆಗಲೇ ಬಂದು ಕೂತಿದ್ದ. ಸುದ್ದಿ ಕೇಳಿ, ಇನ್ನು ನನ್ನ ಗಿರಾಕಿಗಳ ಅಂಗಿ ಬದುಕಿದವು ಎಂದು ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡು ಹೋದ. ಅಮ್ಮ ಮಗಳ ಕೆನ್ನೆ ಸವರಿದಳು. ಮುಂದಿನ ತಿಂಗಳು ಹಾಸ್ಟೆಲಿಗೆ ಏನೇನು ಬೇಕಾಗುತ್ತದೆ ಎಂದು ವಿಚಾರಿಸಿದಳು. ಆಮೇಲೆ ಗುಂಡಿ, ಸೂಜಿದಾರದ ಡಬ್ಬಿ ತೆಗೆದುಕೊಂಡು ಒಳಕೋಣೆಯ ಬಾಗಿಲ ಪಕ್ಕ ತನ್ನ ಜಾಗದಲ್ಲಿ ಕೂತಳು.

“ಅಲ್ಲಿ ಹೇಳಿದ್ಯಲ್ಲ, ನಂಗೂ ಒಂದ್ಸಲ ಹೇಳು.”

ಪಿಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ನಟನೆಯಲ್ಲ, ಉಸಿರು ಸಿಗದೆ ನಿಂತದ್ದು ಎಂದು ಹೇಳಿಬಿಡಬಹುದಿತ್ತು. ಅಮ್ಮ ಗೋಡೆಯ ಜೊತೆ ಆಡುತ್ತಿದ್ದ ವಾದ ಅಲ್ಲಿಗೇ ಮುಗಿಯುತ್ತಿತ್ತು, ಅಮ್ಮ ಸೋಲುತ್ತಿದ್ದಳು. ಮಗನದು ಎಂದು ಆ ಹೆಂಗಸಿನ ಹತ್ತಿರ ಉಳಿದದ್ದು ಆ ಮೌನ ಒಂದೇ, ಅದರಲ್ಲಿ ಅವಳ ಮಗ ರೋಗಿಯಲ್ಲ, ದೊಡ್ಡ ನಟ. ಅದನ್ನೂ ಕಿತ್ತುಕೊಳ್ಳಲು ಪಿಸುವಿಗೆ ಮನಸ್ಸು ಬರಲಿಲ್ಲ. ಗಂಟಲನ್ನು ಒರಟು ಮಾಡಿಕೊಂಡಳು. “ನಾನು ಬಂದಿದ್ದೀನಿ ಅಂತ ಹೇಳೋಕೆ ಬರಲಿಲ್ಲ” ಎಂದಳು. ಭುಜ ಏರಿಸಿದಳು, ಬಾಯಿ ಚೂರು ತೆರೆದಳು, ನಿಂತಳು. ಮೊದಲೆಲ್ಲ ತಾನಾಗಿಯೇ ಬರುತ್ತಿದ್ದುದನ್ನು ಇವತ್ತು ಅವಳು ಮಾಡಬೇಕಾಗಿತ್ತು, ಒಂದೊಂದನ್ನೂ ತಿಳಿದು ಮಾಡಬೇಕಾಗಿತ್ತು. ಎದೆಯ ತುಂಬ ಗಾಳಿ ಇಟ್ಟುಕೊಂಡು, ಗಾಳಿ ಇಲ್ಲದವನಂತೆ ನಿಂತಳು. ತಡೆಯಲು ಆಗುವಷ್ಟು ಹೊತ್ತು ತಡೆದು, ಉಳಿದರ್ಧ ಹೇಳಿದಳು.

ಬಾಗಿಲ ಆಚೆಯಿಂದ ಅಮ್ಮನ ದನಿ ಬಂತು. ಸಮಾಧಾನದ ದನಿ, ತಪ್ಪು ತಿದ್ದುವವರ ಅಕ್ಕರೆಯ ದನಿ.

“ಅವನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸ್ತಿದ್ದ ಕಣೇ.”

“ಹೂಂ ಅಮ್ಮ” ಎಂದಳು ಪಿಸು, ಮತ್ತೆ ಮೊದಲಿನಿಂದ ಶುರುಮಾಡಿದಳು.