ಎಂಟು ವಾಲ್ವು, ಒಂದು ಕಿವಿ

ಹಳೇ ಪೆಟ್ರೋಲ್ ಕಾರಿನ ಹೊಟ್ಟೆಯೊಳಗೆ ಏನು ಕೆಟ್ಟಿದೆ ಎಂದು ಒಂದು ನಟ್ಟೂ ಬಿಚ್ಚುವ ಮೊದಲೇ ಹೇಳಬಲ್ಲ ಮನುಷ್ಯ ಆ ಪೇಟೆಯಲ್ಲಿ ಒಬ್ಬನೇ ಇದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾಡಿ ನೋಡುವ ಹಾಗೆ ಕಾಣುತ್ತಿದ್ದುದರಿಂದ ಜನ ಅವನಿಗೆ ಡಾಕ್ಟರ್ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ವಯಸ್ಸು ಐವತ್ತೆಂಟು. ಎರಡು ಕಾರು ಹಿಡಿಯುವಷ್ಟು ಶೆಡ್ಡು, ಗೋಡೆ ತುಂಬ ಸ್ಪ್ಯಾನರು, ಮೂಲೆಯಲ್ಲಿ ಎಣ್ಣೆ ಕುಡಿದು ಕಪ್ಪಾದ ಬೆಂಚು. ಬೇರೆ ಆಸ್ತಿ ಏನೂ ಇರಲಿಲ್ಲ; ಇದ್ದದ್ದು ಹೆಸರು.

ಆ ಹೆಸರಿಗೆ ಹುಳಿ ಹಿಂಡಲು ಹುಟ್ಟಿದವನು ಷಡ್ಡಕ. ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಹದಿನಾರು ವರ್ಷ ಚಿಕ್ಕವನು, ಕೆಲಸವೂ ಇದೇ. ಆದರೆ ಅವನದು ಗಾಜಿನ ಗೋಡೆಯ ದೊಡ್ಡ ಸರ್ವೀಸ್ ಸೆಂಟರು. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕುತ್ತಿದ್ದ, ಕಾರಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ರೋಗ ಓದುತ್ತಿದ್ದ. ಸಂಜೆ ಮನೆಗೆ ಹೋಗುವಾಗಲೂ ಅವನ ಉಗುರು ಬೆಳ್ಳಗಿರುತ್ತಿತ್ತು. ಮೆಕ್ಯಾನಿಕ್ ಅನ್ನಿಸಿಕೊಂಡವನ ಉಗುರು ಬೆಳ್ಳಗಿರುವುದನ್ನು ಮೇಸ್ತ್ರಿಗೆ ಇವತ್ತಿಗೂ ಕ್ಷಮಿಸಲಾಗಿಲ್ಲ.

ಅದರ ಮೇಲೆ ಅವನ ಸ್ವಭಾವವೂ ಒಳ್ಳೆಯದು. ಇದು ಮಾತ್ರ ತಡೆಯಲಾರದ ಸಂಗತಿ. ಕೆಟ್ಟವನಾಗಿದ್ದರೆ ಬಾಯ್ತುಂಬ ಬೈದು ಹಗುರವಾಗಬಹುದಿತ್ತು. ಇವನು ಮೆಲ್ಲಗೆ ಮಾತಾಡುತ್ತಾನೆ, ‘ಅಣ್ಣಾ’ ಎನ್ನುತ್ತಾನೆ, ಉಂಡ ತಟ್ಟೆ ತಾನೇ ತೊಳೆದಿಡುತ್ತಾನೆ. “ನಮ್ಮ ತಂಗಿ ಗಂಡನ್ನ ನೋಡಿ ಕಲೀರಿ” ಎಂದು ಹೆಂಡತಿ ವಾರಕ್ಕೆ ಎರಡು ಸಲವಾದರೂ ಅಂದಾಗ ಮೇಸ್ತ್ರಿಯ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಇಷ್ಟಾದರೂ ಒಂದು ಕೋಟೆ ಅವನ ಕೈಯಲ್ಲೇ ಉಳಿದಿತ್ತು: ಮಾವನ ಕಾರು. ನಿವೃತ್ತ ಮೇಷ್ಟರಾದ ಮಾವ ಮೂವತ್ತನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಬೂದು ಬಣ್ಣದ ಗಾಡಿ. ನಾಲ್ಕು ಸಿಲಿಂಡರು, ಎಂಟು ವಾಲ್ವು, ಸಾವಿರದ ಇನ್ನೂರು ಸಿ.ಸಿ., ಒಂದೇ ಕಾರ್ಬೊರೇಟರು. ಕಿಡಿ ಹತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ಪ್ಲಗ್ಗಿನ ಸಂದು ಇಪ್ಪತ್ತೈದು ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಇಪ್ಪತ್ತೈದು. ಇಂಜಿನ್ ಆಯಿಲ್ ಮೂರೂವರೆ ಲೀಟರು. ನಾಲ್ಕು ಹಾಕಿದರೆ ಹಿಂದಿನ ಸೀಲಿನಿಂದ ಕಕ್ಕುತ್ತದೆ. ಬೇಸಿಗೆಯಲ್ಲಿ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ನಡುದಾರಿಯಲ್ಲಿ ಮುಷ್ಕರ ಹೂಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ರಾಜಿಗೆ ಬರುತ್ತದೆ. ಚಳಿಯಲ್ಲಿ ಚೋಕ್ ಎಳೆದರೆ ವಾಪಸು ಹೋಗದೆ ಕಪ್ಪು ಹೊಗೆ ಬಿಡುತ್ತದೆ. ತನ್ನ ಮಕ್ಕಳ ಹುಟ್ಟಿದ ದಿನ ತಪ್ಪಿ ಹೇಳಿದರೂ ಇದನ್ನು ಮೇಸ್ತ್ರಿ ತಪ್ಪುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದರ ಬಾನೆಟ್ ಎತ್ತಿದವನು ಅವನೊಬ್ಬನೇ. ಲ್ಯಾಪ್‌ಟಾಪಿನ ವೈರು ಚುಚ್ಚಲು ಆ ಗಾಡಿಯಲ್ಲಿ ಜಾಗವೇ ಇಲ್ಲ ಎಂಬುದು ಅವನ ದೊಡ್ಡ ಸಮಾಧಾನವಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಮಾವ ಗಾಡಿ ತಂದರು. ಓಡಿಸಿಕೊಂಡು ಬಂದವನು ಷಡ್ಡಕ. ಮಾವನ ಅಕ್ಕ ಹಾಸಿಗೆ ಹಿಡಿದಿದ್ದರು, ಮುನ್ನೂರು ಕಿಲೋಮೀಟರ್ ದೂರದ ಊರಲ್ಲಿ. ಮಾರನೆಯ ಬೆಳಿಗ್ಗೆ ಇಬ್ಬರೂ ಹೊರಡುವವರಿದ್ದರು.

“ಒಂದ್ಸಲ ನೋಡಿಬಿಡಪ್ಪ” ಎಂದರು ಮಾವ. “ನೀನು ಹ್ಞೂಂ ಅಂದ್ರೆ ಹೊರಡ್ತೀವಿ.”

ಮೇಸ್ತ್ರಿ ಎದೆಯುಬ್ಬಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಕಿವಿಗಿಟ್ಟ. ಕಣ್ಣು ಮುಚ್ಚಿದ. ಗುಡುಗುಡು ಎಂಬ ಮಂದ್ರ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ಬೆಣ್ಣೆ ಥರ ಓಡ್ತಿದೆ ಮಾವ.”

ಷಡ್ಡಕ ಕುತ್ತಿಗೆ ಓರೆ ಮಾಡಿ ನಿಂತಿದ್ದ. “ಅಣ್ಣಾ, ಟ್ಯಾಪೆಟ್ ಸ್ವಲ್ಪ ಟಿಕ್ ಟಿಕ್ ಅಂತಿದೆ ಅಲ್ವಾ? ಮೂರನೇದು ಜಾಸ್ತಿ.”

ಮೇಸ್ತ್ರಿಗೆ ನಖಶಿಖಾಂತ ಉರಿಯಿತು. ಬಂದನಪ್ಪ ಕೋಟೆಗೆ ಏಣಿ ಹಾಕಲಿಕ್ಕೆ! ಇಲ್ಲದ ಸದ್ದು ಹುಟ್ಟಿಸಿ, ಮಾವನೆದುರು ಜಾಣ ಅನ್ನಿಸಿಕೊಂಡು, ನಾಳೆ ಗಾಡಿಯನ್ನೂ ಗಾಜಿನ ಗೋಡೆಯೊಳಗೆ ಒಯ್ಯುವ ಹುನ್ನಾರ. ಎರಡು ತಿಂಗಳ ಹಿಂದೆ ಹೆಡ್ ಗ್ಯಾಸ್ಕೆಟ್ ಬದಲಿಸಿ ಎಂಟೂ ಟ್ಯಾಪೆಟ್, ಅಂದರೆ ವಾಲ್ವಿನ ಮೇಲಿನ ಸಂದು, ಹೊಂದಿಸಿದವನು ತಾನೇ ಅಲ್ಲವೇ?

“ನಿಮ್ಮ ಗಾಡಿಗಳು ಸತ್ತ ಹಾಗೆ ಸುಮ್ನಿರ್ತವೆ ಕಣಪ್ಪ. ಇದು ಉಸಿರಾಡೋ ಗಾಡಿ. ಪೆಟ್ಟಿಗೆ ನೋಡಿ ಹೇಳೋರಿಗೆ ಇದರ ಭಾಷೆ ಬರಲ್ಲ.”

ಷಡ್ಡಕ ಮುಖ ಕೆಳಗೆ ಹಾಕಿದ. ಮಾವ ಇಬ್ಬರ ಮುಖವನ್ನೂ ನೋಡಿ, “ಸರಿ, ಬೆಳಿಗ್ಗೆ ಏಳಕ್ಕೆ ಬರ್ತೀವಿ, ಗಾಡಿ ಇಲ್ಲೇ ಇರಲಿ” ಎಂದು ಆಟೋ ಹಿಡಿದರು.

ರಾತ್ರಿ ಉಂಡದ್ದು ಮೈಗೆ ಹತ್ತಲಿಲ್ಲ. ಹೊಟ್ಟೆಕಿಚ್ಚಿನವನ ನಿದ್ದೆಗೆ ಹಾಸಿಗೆಯೂ ಮುಳ್ಳು. ಷಡ್ಡಕ ಸುಳ್ಳ ಎಂದು ರುಜುವಾತು ಮಾಡಬೇಕು, ಅಳತೆ ತೆಗೆದು ಮಾವನ ಕೈಗೇ ಕೊಡಬೇಕು ಎಂಬ ಹಟ ಹತ್ತಿ, ಬೆಳಿಗ್ಗೆ ಐದೂವರೆಗೇ ಶೆಡ್ಡಿನ ಬಾಗಿಲು ತೆರೆದ. ಟ್ಯಾಪೆಟ್ ಅಳೆಯಲು ತಣ್ಣಗಿನ ಇಂಜಿನ್ನೇ ಸರಿ.

ಸಂದು ಅಳೆಯುವ ತೆಳು ತಗಡುಗಳ ಗೊಂಚಲು, ಫೀಲರ್ ಗೇಜನ್ನು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಅದನ್ನು ಅವನು ಬಳಸುವುದನ್ನೇ ಬಿಟ್ಟಿದ್ದ. ಓಡುತ್ತಿರುವ ಇಂಜಿನ್ನಿನ ಮೇಲೇ ತಿರುಪು ಬಿಗಿಯುತ್ತಾ ಹೋಗುವುದು, ಟಿಕ್ ಎಂಬ ಸದ್ದು ಅಡಗಿದ ಕಡೆ ನಿಲ್ಲಿಸುವುದು, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ. ಗೇಜಿನ ತಗಡು ಕಲಿಯುವವರಿಗೆ ಎಂದು ಎಷ್ಟೋ ಜನರೆದುರು ನಕ್ಕಿದ್ದ.

ಮೇಲಿನ ಮುಚ್ಚಳ ಬಿಚ್ಚಿ ಮೂರನೇ ಸಿಲಿಂಡರಿನ, ಹೊಗೆ ಹೊರಹಾಕುವ ಎಕ್ಸಾಸ್ಟ್ ವಾಲ್ವಿನ ಸಂದಿಗೆ ಹನ್ನೆರಡು ಥೌ ತಗಡು ತೂರಿಸಿದ. ಅಷ್ಟೇ ಇರಬೇಕಾದದ್ದು. ತಗಡು ಸಡಿಲವಾಗಿ ಅಲ್ಲಾಡಿತು. ಹದಿನೆಂಟು ಹಾಕಿದ, ಅದೂ ಅಲ್ಲಾಡಿತು. ಮೂವತ್ತು ಥೌ ತಗಡು ಹೋಗಿ ಬಿಗಿಯಾಗಿ ಕೂತಿತು.

ಮಿಕ್ಕ ಏಳನ್ನೂ ಅಳೆದ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತು. ಎಂಟರಲ್ಲಿ ಒಂದೂ ಸರಿ ಇರಲಿಲ್ಲ. ಇಷ್ಟು ಸಂದಿದ್ದರೆ ಎದುರು ಅಂಗಡಿಯವನಿಗೂ ಟಿಕ್ ಟಿಕ್ ಕೇಳಬೇಕು. ಸದ್ದು ಅಡಗಿದ ಕಡೆ ನಿಲ್ಲಿಸುವವನು ಮೇಸ್ತ್ರಿ. ಅವನ ಕಿವಿಗೆ ಆ ಸದ್ದು ಮೊದಲಿಂದಲೇ ಬಿದ್ದಿರಲಿಲ್ಲ, ಹಾಗಾಗಿ ಬಿಗಿಯುವ ಮೊದಲೇ ನಿಲ್ಲಿಸಿದ್ದ.

ಬೆಂಚಿನ ಮೇಲೆ ಕೂತ. ಬಾಗಿಲ ಗಂಟೆ ಕೆಟ್ಟಿದೆ ಎಂದು ಮೂರು ಸಲ ಬದಲಿಸಿದ್ದು ನೆನಪಾಯಿತು. ಮೊಮ್ಮಗಳು ಗೊಣಗುತ್ತಾಳೆ ಎಂದು ಗದರಿದ್ದು ನೆನಪಾಯಿತು. ಅಳು ಬರಬೇಕಿತ್ತು. ಬಂದದ್ದು ಮಾತ್ರ ಅದೇ ಹಳೆಯ ಉರಿ: ಅವನಿಗೆ ಕೇಳಿಸುತ್ತದೆ. ಬೆಳ್ಳಗಿನ ಉಗುರಿನ ಆ ಪುಣ್ಯಾತ್ಮನಿಗೆ, ತನ್ನ ಗಾಡಿಯ ಸದ್ದು, ತನ್ನ ಶೆಡ್ಡಿನಲ್ಲಿ, ಬರಿಗಿವಿಗೆ ಕೇಳಿಸುತ್ತದೆ.

ಎದ್ದು ಎಂಟನ್ನೂ ಗೇಜು ಹಾಕಿಯೇ ಹೊಂದಿಸಿ, ತಿರುಪು ಜಾರದ ಹಾಗೆ ಲಾಕ್‌ನಟ್ ಬಿಗಿದ. ಇನ್‌ಲೆಟ್ಟಿಗೆ ಹತ್ತು, ಎಕ್ಸಾಸ್ಟಿಗೆ ಹನ್ನೆರಡು. ಆ ಸಂದಿನಲ್ಲಿ ಮುನ್ನೂರು ಕಿಲೋಮೀಟರ್ ಓಡಿದ್ದರೆ ವಾಲ್ವನ್ನು ತಳ್ಳುವ ಕಡ್ಡಿ ಜಾರಿ, ಎಂಬತ್ತು ದಾಟಿದ ಮಾವ ಎಲ್ಲೋ ಮರವಿಲ್ಲದ ರಸ್ತೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಮುಚ್ಚಳ ಹಾಕಿ, ಎಣ್ಣೆಯ ಗುರುತು ಒರೆಸಿ, ಏನೂ ಆಗಿಲ್ಲವೆಂಬಂತೆ ಕೈ ತೊಳೆದ.

ಏಳಕ್ಕೆ ಇಬ್ಬರೂ ಬಂದರು. ಷಡ್ಡಕ ಕೀಲಿ ತಿರುಗಿಸಿ, ಸ್ವಲ್ಪ ಹೊತ್ತು ಕೇಳಿ, ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದ. ಅವನಿಗೆ ಎಲ್ಲಾ ಗೊತ್ತಾಯಿತು ಎಂದು ಮೇಸ್ತ್ರಿಗೂ ಗೊತ್ತಾಯಿತು.

ಮಾವ ನಕ್ಕರು. “ಏನಪ್ಪಾ, ಎಲ್ಲಿ ನಿನ್ನ ಟಿಕ್ ಟಿಕ್? ಡಾಕ್ಟರ್ ಹೇಳಿದ್ದೇ ಸರಿ ಹೋಯ್ತು ನೋಡು.”

“ಹೌದು ಮಾವ” ಎಂದ ಷಡ್ಡಕ. “ನಾನೇ ತಪ್ಪಾಗಿ ಕೇಳಿಸ್ಕೊಂಡೆ ಅನ್ಸುತ್ತೆ.”

ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಕೋಟೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಆದರೆ ಷಡ್ಡಕನ ಆ ಎರಡು ಮಾತನ್ನು ಸಹಿಸಲಾಗಲಿಲ್ಲ. ಕಿವಿಯಲ್ಲಿ ಗೆದ್ದದ್ದು ಸಾಲದೆ ದೊಡ್ಡತನದಲ್ಲೂ ಗೆಲ್ಲುತ್ತಿದ್ದಾನೆ. ತನ್ನ ಹೆಸರನ್ನು ತನಗೇ ಭಿಕ್ಷೆ ಹಾಕುತ್ತಿದ್ದಾನೆ. ಇದನ್ನು ಮಾತ್ರ ಇವನ ಕೈಯಿಂದ ತಗೊಳ್ಳಲಾರೆ ಎಂದು ಮೇಸ್ತ್ರಿಯ ಜೀವ ಕುದಿಯಿತು. ಸತ್ಯವಂತನಾಗಿ ಅಲ್ಲ, ಬರೀ ಹೊಟ್ಟೆಕಿಚ್ಚಿಗೆ ಅವನು ಬಾಯಿ ಬಿಟ್ಟ.

“ಸದ್ದಿತ್ತು ಮಾವ. ಮೂರನೇದು ಮೂವತ್ತು ಥೌ ಇತ್ತು. ಈಗ ಬೆಳಿಗ್ಗೆ ಸರಿ ಮಾಡ್ದೆ. ನನಗೆ ಕೇಳಿಸ್ಲಿಲ್ಲ, ಅಷ್ಟೇ.”

ಮಾವ ಹತ್ತಿರ ಬಂದು, ಇಷ್ಟು ವರ್ಷದಲ್ಲಿ ಎಂದೂ ಇಲ್ಲದ ಹಾಗೆ, ದನಿಯೆತ್ತಿ, ಒಂದೊಂದೇ ಪದ ಬಿಡಿಸಿ, “ವಾಪಸ್ — ಬಂದ್ಮೇಲೆ — ಕಿವಿ ಡಾಕ್ಟರ ಹತ್ರ — ಹೋಗೋಣಪ್ಪ” ಎಂದರು. ಎದುರು ಅಂಗಡಿಯವನು ತಿರುಗಿ ನೋಡಿದ.

ಷಡ್ಡಕ ಇಳಿದು ಬಂದು ಎದುರಿಗೆ ನಿಂತ. ತುಟಿ ಕಾಣುವಷ್ಟು ಹತ್ತಿರ, ಆದರೆ ದನಿ ಎಂದಿನದೇ.

“ಲಾಕ್‌ನಟ್ ಎಲ್ಲಾ ಬಿಗಿ ಮಾಡಿದ್ದೀರಲ್ಲ ಅಣ್ಣಾ?”

“ಮಾಡಿದ್ದೀನಿ.”

“ಹಾಗಾದ್ರೆ ಹೊರಡ್ತೀವಿ.”

ಹೋಗಿ ಕೂತು ಗೇರು ಹಾಕಿದ. ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿ ರಸ್ತೆಗೆ ಇಳಿದು ತಿರುವಿನಲ್ಲಿ ಮರೆಯಾಗುವವರೆಗೆ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಕಿವಿ ಹೋದ ಮುದುಕನ ಮಾತು ನಂಬಿ, ಮುನ್ನೂರು ಕಿಲೋಮೀಟರಿಗೆ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವುದು. ಅವನ ಜಾಗದಲ್ಲಿ ತಾನಿದ್ದರೆ ಎಂಟೂ ನಟ್ಟು ಮುಟ್ಟಿ ನೋಡದೆ ಹೊರಡುತ್ತಿರಲಿಲ್ಲ.