ಹಿತ್ತಲಿಗೆ ಹಲಗೆ ಹಾಸಿದ್ದು

ಅಕ್ಕ ನಮ್ಮ ಮನೆಗೆ ಬಂದ ವರ್ಷ ಮಾಲೂರಿನಲ್ಲಿ ಮಳೆ ಚೆನ್ನಾಗಿ ಹಿಡಿಯಿತು. ಹಿತ್ತಲಿನ ಸಪೋಟ ಮರದ ಸುತ್ತ ಕೆಮ್ಮಣ್ಣು ಕಲಸಿ ಕೆಸರಾಯಿತು. ಅಕ್ಕನಿಗೆ ಅಲ್ಲೇ ಕೂರಬೇಕು. ಟೇಕಲ್ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಾಗಿ ಓಡಾಡಿದವಳು. ನಾಲ್ಕು ಗೋಡೆಯೊಳಗೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವಳು ಅವಳೇ. ಒಂದು ದಿನ ಕೆಸರಿನಲ್ಲಿ ಜಾರಿ, ಮರ ಹಿಡಿದುಕೊಂಡು ಹೇಗೋ ಬೀಳದೆ ಉಳಿದಳು. ಮರದ ಪಕ್ಕ ಹಲಗೆಯ ನೆಲ ಮಾಡಿಸಲೇಬೇಕೆಂದು ಅವತ್ತೇ ತೀರ್ಮಾನಿಸಿದೆ.

ನನ್ನ ಷರತ್ತು ಒಂದೇ: ಒಮ್ಮೆ ಹಾಕಿಸಿದರೆ ಮತ್ತೆ ಅದರ ತಂಟೆಗೆ ಹೋಗುವಂತಿರಬಾರದು. ಹಗಲೆಲ್ಲ ಶಾಲೆ, ಸಂಜೆ ಮಕ್ಕಳ ನೋಟ್‌ಬುಕ್ಕು. ವರ್ಷವರ್ಷವೂ ಪಾಲಿಶ್, ಗೆದ್ದಲಿನ ಔಷಧಿ ಎಂದು ಯಾರು ಕೂರುತ್ತಾರೆ? ಅಂಗಡಿಯಲ್ಲಿ ಪ್ಲಾಸ್ಟಿಕ್ಕಿಗೆ ಮರದ ಪುಡಿ ಸೇರಿಸಿ ಮಾಡಿದ ಹಲಗೆ ತೋರಿಸಿದರು. ನೋಡಲು ಥೇಟ್ ತೇಗ. ಗೆದ್ದಲು ಮುಟ್ಟುವುದಿಲ್ಲ, ನೀರಿಗೆ ಉಬ್ಬುವುದಿಲ್ಲ ಎಂದರು. ನೋಡುವುದಕ್ಕೆಂದು ಕೊಟ್ಟ ತುಂಡನ್ನು ಹಿಡಿದು ಖುಷಿಯಿಂದ ಮನೆಗೆ ಬಂದೆ.

ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಕೆಲಸಕ್ಕೆ ಕರೆಸಿದ್ದು ಮುಳಬಾಗಿಲಿನ ವಯಸ್ಸಾದ ಬಡಗಿಯನ್ನು. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಅವರ ಕೈಕೆಲಸವೇ. ಅಕ್ಕ ಅವರನ್ನು ಭಾಯ್ ಎಂದು ಕರೆಯುತ್ತಿದ್ದಳು. ಅವರು ಜಾಗ ಅಳೆದು, ನನ್ನ ತುಂಡನ್ನು ತಿರುವಿ ನೋಡಿದರು.

"ಮಾಲು ಚೆನ್ನಾಗೈತೆ ಮೇಡಂ. ಬಿಸಿಲಿಗೆ ಹೆಂಗಿರ್ತೈತೋ ನೋಡ್ಬೇಕು."

ಆ ತುಂಡಿನ ಪಕ್ಕದಲ್ಲಿ ತಮ್ಮ ಚೀಲದಲ್ಲಿದ್ದ ಹಳೆಯ ತೇಗದ ತುಂಡೊಂದನ್ನೂ ಹಿತ್ತಲಲ್ಲಿ ಬಿದ್ದಿದ್ದ ಕಲ್ಲು ಚಪ್ಪಡಿಯನ್ನೂ ಬಿಸಿಲಿಗಿಟ್ಟು, ಊಟಕ್ಕೆ ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ ಬಂದು, "ಬರಿಗಾಲಲ್ಲಿ ನಿಂತು ನೋಡಿ" ಎಂದರು.

ಅಂಗಡಿಯ ಹಲಗೆಯ ಮೇಲೆ ಕಾಲಿಟ್ಟವಳೇ ಹಾರಿ ಇಳಿದೆ. ಕಲ್ಲೂ ಕಾದಿತ್ತು. ತೇಗ ಮಾತ್ರ ಬೆಚ್ಚಗಿತ್ತು, ನಿಲ್ಲಬಹುದಿತ್ತು. ನನ್ನ ಕುಣಿತ ನೋಡಿ ಅಕ್ಕ ನಗುತ್ತ ಬಂದು, ಚಪ್ಪಲಿ ಬಿಟ್ಟು, ಅದೇ ಹಲಗೆಯ ಮೇಲೆ ನಿಂತಳು. ನಿಂತೇ ಇದ್ದಳು.

"ಎಲ್ಲಿ ಸುಡುತ್ತೆ? ನೀನು ಸುಕುಮಾರಿ ಕಣೇ!"

ಬಡಗಿ ನಗಲಿಲ್ಲ. "ಅಮ್ಮಾ, ಇಳೀರಿ. ಮೊದ್ಲು ಇಳೀರಿ."

ನಾನು ತೋಳು ಹಿಡಿದು ಇಳಿಸಿ, ಕುರ್ಚಿಯಲ್ಲಿ ಕೂರಿಸಿ ಪಾದ ಎತ್ತಿ ನೋಡಿದೆ. ಅಂಗಾಲು ಕೆಂಪಗಾಗಿತ್ತು. ಹಿಮ್ಮಡಿಯ ಹತ್ತಿರ ನಾನು ಯಾವತ್ತೂ ನೋಡಿರದ ಒಂದು ಹುಣ್ಣು.

"ಇದು ಯಾವಾಗ ಆಯ್ತಕ್ಕ?"

"ಏಮೀ ಲೇದು." ಏನೂ ಇಲ್ಲವಂತೆ. ಮಾತು ತಪ್ಪಿಸಬೇಕಾದಾಗಲೆಲ್ಲ ಅವಳು ತೆಲುಗಿಗೆ ಹೊರಳುತ್ತಾಳೆ. ನಾನು ಪಾದ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಒಂದು ವರ್ಷದಿಂದ ಕಾಲಿಗೆ ಏನೂ ಗೊತ್ತಾಗಲ್ಲ ಕಣೇ. ಶುಗರ್ ಇರೋರಿಗೆಲ್ಲ ದಿನಾ ಕಾಲು ನೋಡ್ಕೊಳ್ಳಿ ಅಂತ ಊರೂರಲ್ಲಿ ಬಯ್ಕೊಂಡು ಬಂದೋಳು ನಾನು. ನನಗೇ ಹಿಂಗಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಸಿಟ್ಟೂ ಬಂತು, ಅಳುವೂ ಬಂತು. ಒಂದೇ ಮನೆಯಲ್ಲಿದ್ದು ನನಗೆ ಕಾಣಲಿಲ್ಲವಲ್ಲ. ಬಡಗಿ ಕೊಳಾಯಿಯಿಂದ ಬಕೆಟ್ಟಿನಲ್ಲಿ ತಣ್ಣೀರು ಹಿಡಿದು ತಂದು ಅಕ್ಕನ ಕಾಲ ಬಳಿ ಇಟ್ಟರು.

"ಬೆಳಗ್ಗೆ ಅಮ್ಮನ ಒಂದು ಚಪ್ಪಲಿ ಕಳಚ್ಕೊಂಡಿತ್ತು. ಗೊತ್ತಾಗ್ದೆ ಹಂಗೇ ನಡೀತಾ ಇದ್ರು. ನಮ್ಮ ತಾಯಿಗೂ ಹಿಂಗೇ ಇತ್ತು" ಎಂದರು.

ಮರುದಿನ ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಮಯಕ್ಕೆ ಬಂದಿರಿ ಎಂದರು. ಹುಣ್ಣು ಮಾಯಲು ಎರಡು ತಿಂಗಳೇ ಹಿಡಿಯಿತು.

ಹಿತ್ತಲಿಗೆ ಕೊನೆಗೆ ಹಾಸಿದ್ದು ತೇಗವನ್ನೇ. ಮುಳಬಾಗಿಲಿನಲ್ಲಿ ಕೆಡವಿದ ಹಳೆಯ ಮನೆಯ ತೊಲೆಗಳನ್ನು ಬಡಗಿ ಹಲಗೆಯಾಗಿ ಕೊಯ್ಯಿಸಿ ತಂದರು. ಗೆದ್ದಲು ಹತ್ತದಂತೆ ಕಲ್ಲಿನ ತುಂಡುಗಳ ಮೇಲೆ ಕೂರಿಸಿ, ನೀರು ಇಳಿಯಲು ನಡುವೆ ಸಂದು ಬಿಟ್ಟರು. ಹತ್ತಲು ಮೆಟ್ಟಿಲು ಬೇಡವೆಂದು ಇಳಿಜಾರು ಮಾಡಿದರು. ಅಕ್ಕನ ಕಾಲಿಗೆ ಸಿಬಿರು ಚುಚ್ಚಿದರೂ ತಿಳಿಯುವುದಿಲ್ಲವಲ್ಲ, ಅದಕ್ಕೆ ಎರಡು ದಿನ ಬರೀ ಉಜ್ಜುವ ಕೆಲಸ. ಉಜ್ಜಿದ ಮೇಲೆ ಹಳೆಯ ಪಂಚೆಯನ್ನು ಹಲಗೆಯ ಮೇಲೆ ಎಳೆಯುವರು. ಬಟ್ಟೆ ಸಿಕ್ಕಿಕೊಂಡಲ್ಲಿ ಮತ್ತೆ ಉಜ್ಜುವರು.

ಈಗ ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಒಂದೆರಡು ಭಾನುವಾರ ನಾನು ಹಲಗೆಗೆ ಎಣ್ಣೆ ಹಚ್ಚುತ್ತೇನೆ. ಸೊಂಟ ಹಿಡಿಯುತ್ತದೆ. ಸಂಜೆ ಕಾಫಿಯಾದ ಮೇಲೆ ಅಲ್ಲೇ ಅಕ್ಕನ ಪಾದ ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ. ಮೊದಮೊದಲು ಸಂಕೋಚದಿಂದ ಕಾಲು ಎಳೆದುಕೊಳ್ಳುತ್ತಿದ್ದಳು. ಈಗ "ಬೆರಳ ಸಂದಿ ನೋಡಿದ್ಯಾ?" ಎಂದು ನನ್ನನ್ನೇ ಗದರುತ್ತಾಳೆ.

ಹೋದ ವಾರ ಎದುರುಮನೆಯಾಕೆ ಬಂದು, ಕಾಲು ಜುಮ್ಮೆನ್ನುತ್ತದೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದು ಸೆರಗಿನ ತುದಿ ಹಿಂಡುತ್ತ ಕೂತಳು. ಅಕ್ಕ ಬಯ್ಯಲಿಲ್ಲ. ತನ್ನ ಚಪ್ಪಲಿ ಬಿಟ್ಟು, ಹಿಮ್ಮಡಿ ತಿರುಗಿಸಿ ಕಲೆ ತೋರಿಸಿದಳು.

"ಮೊದ್ಲು ನಂದು ನೋಡಮ್ಮ. ಆಮೇಲೆ ನಿಂದು ತೋರ್ಸು."