ಮಮತ ಸೊಪ್ಪು ಕಲಿತದ್ದು

ದೊಡ್ಡಗಾಜನೂರಿಗೆ ಸೊಸೆಯಾಗಿ ಬಂದಾಗ ಮಮತಳ ಬಳಿ ಇದ್ದದ್ದು ಎರಡೇ: ಚುರುಕಾದ ಕೈ, ಮತ್ತು ಮೂರು ವರ್ಷದಿಂದ ಒಳಗೇ ಉಳಿದ ಮಾತು. ಎರಡೂ ಘಟ್ಟದ ಕೆಳಗಿನ ನೂಲಿನ ಮಿಲ್ಲಿನ ಗಳಿಕೆ. ಅಲ್ಲಿ ಕಿತ್ತುಹೋದ ಎಳೆಯನ್ನು ರೆಪ್ಪೆ ಬಡಿಯುವಷ್ಟರಲ್ಲಿ ಹೊಸೆದು ಕೂಡಿಸಬೇಕಿತ್ತು. ಯಂತ್ರದ ಸದ್ದಿಗೆ ಪಕ್ಕದವಳ ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಇನ್ನೂರು ಹುಡುಗಿಯರ ನಡುವೆ ಮಮತ ಮೂರು ವರ್ಷ ಒಬ್ಬಳೇ ಇದ್ದಳು.

ಅವಳು ಹುಟ್ಟಿದ್ದೂ ಕೆಳಗೇ, ಅಪ್ಪ ಕಬ್ಬು ಕಡಿಯಲು ಹೋಗಿ ಅಲ್ಲಿಯೇ ನಿಂತುಬಿಟ್ಟ ಊರಲ್ಲಿ. ೨೦೦೬ರ ಆಷಾಢಕ್ಕೆ ಮೊದಲು ನಾಗೇಶನನ್ನು ಮದುವೆಯಾಗಿ ಬಸ್ಸಿನಲ್ಲಿ ಬೆಟ್ಟ ಹತ್ತಿ ಬರುವಾಗ, ಹೊಲವೊಂದರಲ್ಲಿ ಹೆಂಗಸರು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಹರಟುತ್ತ ಕಳೆ ಕೀಳುವುದು ಕಿಟಕಿಯಿಂದ ಕಂಡಿತು. ಹೊಸ ಗಂಡನಿಗಿಂತ ಹೆಚ್ಚು ಹೊತ್ತು ಅವಳು ಆ ಹೆಂಗಸರನ್ನೇ ನೋಡಿದಳು.

ನಾಗೇಶ ಲಾರಿಗೆ ಕೋಸು ತುಂಬುವವನು. ಬೆಳಕು ಹರಿಯುವ ಮೊದಲೇ ಹೋದರೆ ಸಂಜೆಗೇ ಬರುವುದು. ಮನೆಯಲ್ಲಿ ಅತ್ತೆ ಇಲ್ಲ, ನಾದಿನಿ ಇಲ್ಲ. ಹದಿನೈದು ದಿನಕ್ಕೆ ಮಮತ ದೊಡ್ಡಮಾದಮ್ಮನ ಗುಂಪಿಗೆ ಸೇರಿದಳು.

ದೊಡ್ಡಮಾದಮ್ಮನಿಗೆ ಅರವತ್ತರ ಹತ್ತಿರ. ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ನಿಂತು ಯಾರು ಯಾರ ಹೊಲಕ್ಕೆ ಎಂದು ಹೇಳುವವಳು ಅವಳೇ. ಅವಳು ಕರೆಯದಿದ್ದರೆ ಆ ದಿನ ಕೂಲಿಯೂ ಇಲ್ಲ, ಜೊತೆಯೂ ಇಲ್ಲ.

ಮೊದಲ ದಿನ ಶಿವಮಲ್ಲಪ್ಪನವರ ರಾಗಿ ಹೊಲ. ಏಳು ಹೆಂಗಸರು, ಒಬ್ಬೊಬ್ಬರಿಗೆ ಮೂರು ಮೂರು ಸಾಲು. ಮಮತ ಕೂತವಳೇ ಪಕ್ಕದ ನಾಗಮಣಿಗೆ ಮಿಲ್ಲಿನ ಕತೆ ಶುರು ಮಾಡಿದಳು. ಕತೆ ರುಚಿಗೆ ಬರುವ ಹೊತ್ತಿಗೆ ತಾನೇ ಹತ್ತು ಮಾರು ಮುಂದೆ ಹೋಗಿಬಿಟ್ಟಿದ್ದಳು. ಹಿಂದೆ ತಿರುಗಿ ಕೂಗಿ ಹೇಳಿದಳು. ಇನ್ನೂ ಹತ್ತು ಮಾರು ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳ ಜೀವನಚರಿತ್ರೆ ಆಚೆ ಬದುವಿನ ಕುರಿ ಕಾಯುವವನಿಗೂ ತಿಳಿದಿತ್ತು, ನಾಗಮಣಿಗೆ ಮಾತ್ರ ತಿಳಿದಿರಲಿಲ್ಲ. ನಿಧಾನ ಮಾಡೋಣವೆಂದುಕೊಂಡರೆ ಕೈ ಕೇಳದು. ಮಿಲ್ಲು ಕಲಿಸಿದ ಕೈ ಅದು.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಶಿವಮಲ್ಲಪ್ಪ ಮೆಚ್ಚಿಕೊಂಡರು. "ನೋಡ್ರವ್ವ, ಕೈ ಅಂದ್ರ ಇದು."

"ಕೈ ಅಲ್ಲ ಬುದ್ದಿ, ಮಿಸೀನು," ಎಂದಳು ನಾಗಮಣಿ.

ಎಲ್ಲರೂ ನಕ್ಕರು. ಹೊಗಳಿಕೆ ಎಂದುಕೊಂಡು ಮಮತಳೂ ನಕ್ಕಳು.

ಮೂರು ದಿನ ಹೀಗೇ ನಡೆಯಿತು. ಅವಳು ಮುಂದೆ, ಆರು ಜನ ಹಿಂದೆ, ನಗೆ ಮಾತುಗಳೆಲ್ಲ ಹಿಂದೆಯೇ. ಅವಳು ಬದುವಿಗೆ ಎಸೆದ ಕಳೆಯ ಗುಡ್ಡೆಯನ್ನು ಆ ಹೆಂಗಸರು ನೋಡುವ ರೀತಿ ಮಾತ್ರ ಅವಳಿಗೆ ಅರ್ಥವಾಗಲಿಲ್ಲ.

ನಾಲ್ಕನೆಯ ದಿನ ಮಮತ ಒಂದು ಉಪಾಯ ಮಾಡಿದಳು. ತನ್ನ ಸಾಲು ಮುಗಿಸಿ, ದೊಡ್ಡಮಾದಮ್ಮನ ಸಾಲನ್ನು ಆ ತುದಿಯಿಂದ ಹಿಡಿದು ಈ ಕಡೆಗೆ ಬಂದಳು. ನಡುವೆ ಎದುರುಬದುರಾದರೆ ಮಾತಾಡದೆ ಇರಲು ಯಾರಿಗೆ ತಾನೆ ಆಗುತ್ತದೆ? ಮುದುಕಿಯ ಮುಂದೆ ಬಂದು ಮೊಣಕಾಲು ಮೊಣಕಾಲು ತಾಕುವ ಹಾಗೆ ಕೂತು ನಕ್ಕಳು. "ಮುಗೀತು ದೊಡ್ಡವ್ವ."

ದೊಡ್ಡಮಾದಮ್ಮ ಅವಳ ಭುಜದ ಆಚೆಗೆ ನೋಡಿದಳು. "ಏನ ಮಾಡ್ದೆ?"

"ಕಳೆ ತಗದಿವ್ನಿ."

"ಎಲ್ಲಾನೂವಾ?"

"ಒಂದೂ ಬುಡ್ನಿಲ್ಲ."

"ಸಾಯಂಕಾಲ ನಾನೇನ್ ಮಣ್ಣ ಬೇಯ್ಸನಾ?" ಎಂದಳು ದೊಡ್ಡಮಾದಮ್ಮ, ಮೆಲ್ಲಗೆ. ಕೂಗಿದ್ದರೆ ಮಮತಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ನಾಳಿಂದ ನೀ ಬರ್ಬ್ಯಾಡ ಕಣಮ್ಮಿ."

ಮಮತಳಿಗೆ ತಿಳಿಯದಿದ್ದ ಸಂಗತಿ ಇಷ್ಟೇ. ರಾಗಿ ಹೊಲದ ಕಳೆಯಲ್ಲಿ ಅರ್ಧ ಮಾತ್ರ ಕಳೆ. ಉಳಿದರ್ಧ ಅಣ್ಣೆ, ಕೀರೆ, ಗಣಿಕೆ, ಹೊನಗೊನೆ ಸೊಪ್ಪು. ಹೆಂಗಸರು ಅದನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಸಂಜೆ ಅದೇ ಬೆರಕೆ ಸೊಪ್ಪಿನ ಸಾರು. ಒಬ್ಬಳ ಸಾಲಿನ ಸೊಪ್ಪನ್ನು ಇನ್ನೊಬ್ಬಳು ಮುಟ್ಟುವಂತಿಲ್ಲ. ಅವರ ಕೈ ನಿಧಾನವಾಗಿದ್ದದ್ದು ಸೋಮಾರಿತನದಿಂದಲ್ಲ, ಸಾರಿನಿಂದ.

"ಮೂರ್ ದಿವ್ಸ ತನ್ ಸೊಪ್ಪ ಬದೀಗ ಬಿಸಾಕದ್ಲು," ಎಂದಳು ನಾಗಮಣಿ. "ಈಗ ನಮ್ದ್ಕೂ ಕೈ ಆಕದ್ಲು. ಮಿಲ್ ದಿಮಾಕು."

"ಸೊಪ್ಪಾ? ಯಾವ ಸೊಪ್ಪು?" ಎಂದು ಮಮತ ಕೇಳಿದಳು. ಅದು ಅಣಕದ ಹಾಗೆ ಕೇಳಿಸಿತು. ಎಲ್ಲರೂ ಬೆನ್ನು ತಿರುಗಿಸಿದರು.

ಸುದ್ದಿ ಶಿವಮಲ್ಲಪ್ಪನವರಿಗೆ ಅನುಕೂಲವೇ ಆಯಿತು. ಮೇಲಿನ ಹೊಲದ ಕಳೆ ಕೀಳುವುದನ್ನು ಮಮತಳೊಬ್ಬಳಿಗೇ ಗುತ್ತಿಗೆ ಕೊಟ್ಟರು. ಬೇಗ ಮುಗಿಸಿದಷ್ಟೂ ಅವಳಿಗೆ ಲಾಭ, ಕೇಳುವವರಿಲ್ಲ. ಮರುದಿನ ಮಮತ ಅಲ್ಲಿ ಬಗ್ಗಿ ಕೂತಳು. ಗಾಳಿ ರಾಗಿಯ ಮೇಲೆ ಹಾದು ಹೋಗುತ್ತಿತ್ತು, ಬರುತ್ತಿತ್ತು. ದೂರದಿಂದ ಆರು ಜನರ ನಗು ತೇಲಿ ಬಂತು. ತಡೆಯಲಾರದೆ ಅವಳು ಹೊಲದ ನಡುವಿನ ಬೆದರುಗೊಂಬೆಗೆ ಮಿಲ್ಲಿನ ಕತೆ ಹೇಳಿದಳು. ಅದು ಅಲುಗದೆ ಕೇಳಿತು. ಆದರೆ ಆಮೇಲೇನಾಯ್ತು ಎಂದು ಒಮ್ಮೆಯೂ ಕೇಳಲಿಲ್ಲ. ಹೊತ್ತು ನೆತ್ತಿಗೆ ಬರುವ ವೇಳೆಗೆ ಮಮತ ಕೈಯಲ್ಲಿದ್ದ ಕಳೆ ಬಿಸಾಕಿ ಎದ್ದಳು.

ಹಾಳು ಮಾಡಿದ್ದನ್ನು ತಿರುಗಿ ಕೊಟ್ಟರೆ ಆಯಿತಲ್ಲ? ಬದು, ಬೇಲಿ, ಹಳ್ಳದ ದಡ ಸುತ್ತಿ, ಎಳೆಯದಾಗಿ ಹಸಿರಾಗಿ ಕಂಡದ್ದನ್ನೆಲ್ಲ ಕಿತ್ತಳು. ಸಂಜೆ ಸೆರಗಿನ ತುಂಬ ಹೊತ್ತು ದೊಡ್ಡಮಾದಮ್ಮನ ಜಗುಲಿಯ ಮುಂದೆ ನಿಂತಳು. ನಾಗಮಣಿಯೂ ಅಲ್ಲೇ ಇದ್ದಳು.

"ನಿಮ್ ಸೊಪ್ಪು ದೊಡ್ಡವ್ವ. ಎಲ್ಲಾರ್ಗೂ ಆಯ್ತದ."

ದೊಡ್ಡಮಾದಮ್ಮ ಒಂದೊಂದೇ ಎಲೆ ಎತ್ತಿ ಜಗುಲಿಯ ಮೇಲೆ ಇಟ್ಟಳು. "ಇದು ಲಂಟಾನ. ಆಡೂ ಮೂಸಲ್ಲ. ಇದು ಎಕ್ಕ." ಇನ್ನೊಂದನ್ನು ಕಣ್ಣ ಹತ್ತಿರ ಹಿಡಿದಳು. "ಇದು ಉಮ್ಮತ್ತಿ. ಇದ ತಿಂದ್ರ ಊರೆಲ್ಲಾ ಉಚ್ಚು ಇಡ್ದು ಕುಣೀಬೇಕು."

"ಒಂದ್ ಮಡ್ಕ ಸಾರ್ಗ ಆರ್ ಎಣ ಬೀಳ್ತಿದ್ವು," ಎಂದಳು ನಾಗಮಣಿ. "ಕೂಲಿ ಎಲ್ಲಾ ಇವ್ಳೊಬ್ಬಳ್ಗೇಯ."

ಮುದುಕಿ ಸೊಪ್ಪಿನ ಅಡಿಯಲ್ಲಿ ಕೈಯಾಡಿಸಿ ಒಂದು ಕಡ್ಡಿ ಹೊರಗೆಳೆದಳು. "ಇದೊಂದ್ ಗಣಿಕ. ಅದೆಂಗ ಸಿಕ್ತೊ." ಆಮೇಲೆ ಮಮತಳ ಮುಖ ನೋಡಿದಳು. "ನಿಜ್ವಾಗ್ಲೂ ಗೊತ್ತಿಲ್ವಾ ನಿಂಗ?"

"ಗೊತ್ತಿಲ್ಲ ದೊಡ್ಡವ್ವ. ನಮ್ ಕಡ ಬರೀ ಕಬ್ಬು. ಸೊಪ್ಪ ಸಂತೇಲಿ ಕಟ್ಟು ಕಟ್ಟಿ ಮಾರ್ತರ."

"ಅಂಗಾರ ದಿಮಾಕಲ್ವಾ?" ನಾಗಮಣಿಯ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು.

"ದಿಮಾಕ್ ಎಲ್ಲಿಂದ ಬರದಕ್ಕ? ಯಾರೂ ಮಾತಾಡ್ದೆ, ಬೆದರುಗೊಂಬ ತಾವ ಕತ ಯೋಳ್ಬುಟ್ಟು ಬಂದಿವ್ನಿ."

ಮೊದಲು ನಕ್ಕವಳು ದೊಡ್ಡಮಾದಮ್ಮ. ನಕ್ಕು ನಕ್ಕು ಕೆಮ್ಮು ಬಂತು. ನಾಗಮಣಿ ಅವಳ ಬೆನ್ನು ನೀವುತ್ತ ತಾನೂ ನಕ್ಕಳು.

ಮರುದಿನ ನೀರಿನ ಟ್ಯಾಂಕಿನ ಹತ್ತಿರ ಮಮತಳ ಹೆಸರು ಬಂತು. ಅವಳನ್ನು ದೊಡ್ಡಮಾದಮ್ಮನಿಗೂ ನಾಗಮಣಿಗೂ ನಡುವೆ ಕೂರಿಸಿದರು. ಎಲ್ಲವನ್ನೂ ಕೀಳುತ್ತಿದ್ದ ಕೈ ಈಗ ಒಂದೊಂದು ಎಲೆಗೂ ನಿಲ್ಲಬೇಕಾಯಿತು.

"ಇದಾ ದೊಡ್ಡವ್ವ?"

"ಅದು ಅಣ್ಣೆ ಸೊಪ್ಪು. ಆಕ್ಕೊ."

"ಇದೂ ಆಕ್ಕಳ್ಳಾ?"

"ಬುಡು ತಾಯಿ, ಅದು ರಾಗಿ."

ಹನ್ನೊಂದು ಗಂಟೆಗೆ ಶಿವಮಲ್ಲಪ್ಪ ಬಂದರು. ಆರು ಜನ ಮುಂದಿದ್ದರು, ಮಿಸೀನು ಹಿಂದಿತ್ತು. "ಇವ್ಳ ಕೈಗ ಏನಾಯ್ತು?"

"ಉಳುಕ್ಬುಟ್ಟದ ಬುದ್ದಿ," ಎಂದಳು ದೊಡ್ಡಮಾದಮ್ಮ ಮುಂದಿನಿಂದಲೇ.

"ಯಾವ ಕೈ?"

"ಎರಡೂವೆ."

ಅವರು ಮಮತಳ ಕಡೆ ತಿರುಗಿದರು. "ಮ್ಯಾಲಿನ್ ಒಲ ಅರ್ಧಕ್ಕ ನಿಂತದ. ಯಾವಾಗ ಬತ್ತೀಯವ್ವ?"

ಮಮತ ಮಡಿಲಿನ ಸೊಪ್ಪನ್ನು ಒತ್ತಿ ಹಿಡಿದಳು. "ಎಲ್ಲಾರೂ ಬತ್ತೀವಿ ಬುದ್ದಿ. ಗುತ್ತಿಗ್ಗಲ್ಲ, ಕೂಲೀಗ."

ಶಿವಮಲ್ಲಪ್ಪ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ ಮನೆಯ ಕಡೆ ನಡೆದರು.

ಆ ದಿನ ಮಮತ ಸಾಲಿನ ತುದಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಹುಣಸೆ ಮರದ ನೆರಳಲ್ಲಿ ಆರು ಜನ ಬುತ್ತಿಯ ಮುಚ್ಚಳ ತೆಗೆದು ಕೂತಿದ್ದರು. ಯಾರೂ ಕೈ ಹಾಕಿರಲಿಲ್ಲ.

"ಬಿರ್ನ ಬಾ ಅಮ್ಮಿ," ಎಂದು ಕೂಗಿದಳು ನಾಗಮಣಿ, "ಒಟ್ಟ ಅಸೀತಾ ಅದ. ಅದ್ಯಾವ್ದೊ ಮಿಲ್ ಕತ ಅಂತಿದ್ದಲ್ಲ, ಮೊದ್ಲಿಂದ ಯೋಳು. ನಂಗ ಒಂದಕ್ಸರನೂ ಕೇಳ್ನಿಲ್ಲ."